ಬಾನಿಗೂ ಕಡಲಿಗೂ ಸಮಪಾಲು: ಛಾಯಾಚಿತ್ರಕಾರ ಗುಸ್ತಾವ್ ಲೆ ಗ್ರೇ

ಬಿಸಿಲು ಏರಿದ ಹೊತ್ತಿನಲ್ಲಿ ಸಮುದ್ರ ತೀರದಲ್ಲೋ ಬೆಟ್ಟದ ಮೇಲೋ ನಿಂತು ನೀವು ಫೋಟೋ ತೆಗೆದಿರಬಹುದು. ಕಣ್ಣಿಗೆ ಕಂಡದ್ದು ನೀಲಿ ಆಕಾಶ, ತೇಲುವ ಮೋಡ, ಕೆಳಗೆ ಮರಗಳ ತಂಪು ನೆರಳು. ಚಿತ್ರದಲ್ಲಿ ಮೂಡಿದ್ದೇ ಬೇರೆ. ಮರಗಳು ಚೆನ್ನಾಗಿ ಬಂದರೆ ಆಕಾಶ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿರುತ್ತದೆ. ಆಕಾಶ ಚೆನ್ನಾಗಿ ಬಂದರೆ ಮರಗಳು ಮಸಿ ಬಳಿದಂತೆ ಕಪ್ಪಾಗಿರುತ್ತವೆ. ಇದು ನಿಮ್ಮೊಬ್ಬರ ಕೈಯ ದೋಷವಲ್ಲ. ಬೆಳಕಿನಿಂದ ನೆರಳಿನತ್ತ ಹೊರಳಿದಾಗ ನಮ್ಮ ಕಣ್ಣು ಬೇಗನೆ ಹೊಂದಿಕೊಳ್ಳುತ್ತದೆ. ಕ್ಯಾಮೆರಾ ಮಾತ್ರ ಒಂದು ಸಲಕ್ಕೆ ಇಡೀ ನೋಟಕ್ಕೆ ಒಂದೇ ಅಳತೆಯಲ್ಲಿ ಬೆಳಕನ್ನು ತೆಗೆದುಕೊಳ್ಳುತ್ತದೆ.

ಈ ತೊಡಕು ಛಾಯಾಗ್ರಹಣದಷ್ಟೇ ಹಳೆಯದು. ಅದನ್ನು ಜಾಣ್ಮೆಯಿಂದಲೂ ತಾಳ್ಮೆಯಿಂದಲೂ ಬಿಡಿಸಿದವರಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಮುಖ್ಯರು. ಅವರ ಬದುಕಿನ ಕಥೆಯನ್ನು ನೀವು ತಿಳಿಯಬೇಕು.

ಗುಮಾಸ್ತನಾಗಬೇಕಿದ್ದ ಹುಡುಗ

ಲೆ ಗ್ರೇ ಹುಟ್ಟಿದ್ದು 1820ರ ಆಗಸ್ಟ್ 30ರಂದು, ಪ್ಯಾರಿಸ್ ಬಳಿಯ ವಿಲಿಯೆ ಲ ಬೆಲ್ ಎಂಬ ಊರಿನಲ್ಲಿ. ಮಗ ನೋಟರಿ ಕಚೇರಿಯಲ್ಲಿ ಗುಮಾಸ್ತನಾಗಿ ನೆಮ್ಮದಿಯಿಂದಿರಲಿ ಎಂಬುದು ತಂದೆ ತಾಯಿಯ ಆಸೆ. ಮಗನ ಮನಸ್ಸು ಬಣ್ಣ, ಕುಂಚಗಳ ಕಡೆಗಿತ್ತು. ಹೆಸರಾಂತ ಚಿತ್ರಕಾರ ಪಾಲ್ ದೆಲರೋಶ್ ಅವರ ಬಳಿ ಕಲಿತು, ಮುಂದೆ ಇಟಲಿಯಲ್ಲಿ ಕೆಲವು ವರ್ಷ ಕಳೆದರು. ರೋಮ್‌ನಲ್ಲಿ ಮದುವೆಯಾಗಿ 1847ರ ಸುಮಾರಿಗೆ ಪ್ಯಾರಿಸ್‌ಗೆ ಮರಳಿದರು. ಆಗ ಛಾಯಾಗ್ರಹಣಕ್ಕೆ ಇನ್ನೂ ಹತ್ತು ವರ್ಷವೂ ತುಂಬಿರಲಿಲ್ಲ. ಲೆ ಗ್ರೇ ಅದರ ರಸಾಯನ ವಿದ್ಯೆಯನ್ನು ಹಟ ಹಿಡಿದು ಕಲಿತರು.

ಕಲಿತದ್ದನ್ನು ಬಚ್ಚಿಡುವ ಸ್ವಭಾವ ಅವರದಾಗಿರಲಿಲ್ಲ. 1850ರಿಂದ ತಮ್ಮ ವಿಧಾನಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ತಮ್ಮ ಸ್ಟುಡಿಯೋದಲ್ಲಿ ಅನೇಕರಿಗೆ ಪಾಠ ಹೇಳಿದರು. ಶಾರ್ಲ್ ನೆಗ್ರ್, ಆನ್ರಿ ಲೆ ಸೆಕ್ ಮುಂತಾದ ದೊಡ್ಡ ಹೆಸರುಗಳು ಅವರ ಶಿಷ್ಯರ ಪಟ್ಟಿಯಲ್ಲಿವೆ. 1851ರಲ್ಲಿ ಅವರು ಮೇಣ ಹಚ್ಚಿದ ಕಾಗದದ ನೆಗೆಟಿವ್ ವಿಧಾನವನ್ನು ಪ್ರಕಟಿಸಿದರು. ಈ ಕಾಗದವನ್ನು ಕೆಲವು ದಿನ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬಹುದಿತ್ತು. ಹೀಗಾಗಿ ದೂರ ಪ್ರಯಾಣ ಮಾಡುವವರಿಗೆ ಅದು ವರವಾಯಿತು. ಅದೇ ವರ್ಷ ಪುರಾತನ ಕಟ್ಟಡಗಳ ಚಿತ್ರ ತೆಗೆಯಲು ಫ್ರೆಂಚ್ ಸರ್ಕಾರ ಆರಿಸಿದ ಐವರಲ್ಲಿ ಲೆ ಗ್ರೇ ಒಬ್ಬರು.

ನೆರಳಿನ ಪಾಠ ಅವರಿಗೆ ಸಿಕ್ಕಿದ್ದು ಪ್ಯಾರಿಸ್ ಸಮೀಪದ ಫೋಂತೆನ್‌ಬ್ಲೋ ಕಾಡಿನಲ್ಲಿ. ಎಲೆಗಳ ನಡುವಿನಿಂದ ಬಿಸಿಲು ತುಣುಕು ತುಣುಕಾಗಿ ನೆಲಕ್ಕೆ ಬೀಳುವ ಆ ಜಾಗಗಳಲ್ಲಿ ವರ್ಷಗಟ್ಟಲೆ ಚಿತ್ರ ತೆಗೆದರು. ಮರದ ಬುಡದ ಕತ್ತಲಲ್ಲೂ ತೊಗಟೆಯ ಬಿರುಕು ಕಾಣುವುದು ಆ ಚಿತ್ರಗಳ ಹಿರಿಮೆ.

ಬಿಳಿಯಾಗುವ ಆಕಾಶ

ಆ ಕಾಲದ ಕಷ್ಟ ನಮ್ಮದಕ್ಕಿಂತ ಹೆಚ್ಚಿನದು. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಹರಡಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಎಲ್ಲಕ್ಕೂ ಸಿಗುತ್ತಿದ್ದದ್ದು ಕೆಲವೇ ನಿಮಿಷ. ಕಡಲ ತೀರಕ್ಕೂ ಕತ್ತಲೆ ಡೇರೆಯನ್ನು ಹೊತ್ತೊಯ್ಯಬೇಕು. ಜೊತೆಗೆ ಈ ರಾಸಾಯನಿಕ ನೀಲಿ ಬೆಳಕಿಗೆ ತಟ್ಟನೆ ಸ್ಪಂದಿಸುತ್ತಿತ್ತು. ಹಸಿರು, ಕೆಂಪು ಬೆಳಕು ಅದಕ್ಕೆ ಕಾಣುತ್ತಿರಲಿಲ್ಲ ಎಂದೇ ಹೇಳಬಹುದು. ನೆಲದ ಮೇಲಿನ ಹಸಿರು ಮೂಡುವಷ್ಟು ಹೊತ್ತು ಕಾದರೆ, ಅಷ್ಟರಲ್ಲಿ ನೀಲಿ ಆಕಾಶದ ಬೆಳಕು ವಿಪರೀತವಾಗಿ ಮೋಡಗಳು ಅಳಿಸಿಹೋಗುತ್ತಿದ್ದವು.

ಹಲವರು ಇದಕ್ಕೆ ಸುಲಭದ ದಾರಿ ಹಿಡಿದರು. ನೆಗೆಟಿವ್‌ನಲ್ಲಿ ಆಕಾಶದ ಭಾಗಕ್ಕೆ ಕಪ್ಪು ಬಣ್ಣ ಬಳಿದು, ಚಿತ್ರದಲ್ಲಿ ಅದು ಖಾಲಿ ಬಿಳಿಯಾಗಿ ಬರುವಂತೆ ಮಾಡಿದರು. ನಮ್ಮ ಬೇಲೂರು, ಹಳೇಬೀಡುಗಳ ಚಿತ್ರಗಳನ್ನು 1854ರಲ್ಲೇ ತೆಗೆದ ಲಿನಿಯಸ್ ಟ್ರೈಪ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇನ್ನೊಂದು ದಾರಿ ಕಂಡುಕೊಂಡರು. 1855ರ ಬರ್ಮಾ ಚಿತ್ರಗಳಲ್ಲಿ ಅವರು ಕಾಗದದ ನೆಗೆಟಿವ್‌ಗಳ ಮೇಲೆ ಕೈಯಿಂದಲೇ ಮೋಡ ಬರೆದರು.

ಲೆ ಗ್ರೇ 1856ರಿಂದ 1858ರವರೆಗೆ ನಾರ್ಮಂಡಿ, ಬ್ರಿಟನಿ ಮತ್ತು ಮೆಡಿಟರೇನಿಯನ್ ತೀರಗಳಲ್ಲಿ ಕಡಲಿನ ಚಿತ್ರಗಳನ್ನು ತೆಗೆದರು. ಅವರ ಉಪಾಯ ಹೀಗಿತ್ತು: ಕಡಲಿಗೆ ಒಂದು ಗಾಜು, ಬಾನಿಗೆ ಇನ್ನೊಂದು. ಎರಡಕ್ಕೂ ಅವುಗಳಿಗೆ ಬೇಕಾದಷ್ಟೇ ಹೊತ್ತು ಬೆಳಕು ಕೊಟ್ಟರು. ಪ್ರಿಂಟ್ ಹಾಕುವಾಗ ಕಾಗದದ ಅರ್ಧವನ್ನು ಮುಚ್ಚಿ ಕಡಲನ್ನೂ, ಉಳಿದರ್ಧವನ್ನು ಮುಚ್ಚಿ ಬಾನನ್ನೂ ಮೂಡಿಸಿದರು. ಬೆಸುಗೆ ಬೀಳುತ್ತಿದ್ದದ್ದು ಬಾನಂಚಿನ ನೇರ ಗೆರೆಯಲ್ಲಿ. ಮರ, ಗೋಪುರಗಳು ಆಕಾಶವನ್ನು ಕತ್ತರಿಸುವ ನೆಲದ ದೃಶ್ಯಗಳಲ್ಲಿ ಈ ಕೆಲಸ ಕಷ್ಟ; ಕಡಲಿನಲ್ಲಿ ಸುಲಭ. 1857ರಲ್ಲಿ ಸೆತ್ ಬಂದರಿನಲ್ಲಿ ತೆಗೆದ ದೊಡ್ಡ ಅಲೆಯ ಚಿತ್ರ ಇದಕ್ಕೆ ಪ್ರಸಿದ್ಧ ಉದಾಹರಣೆ.

ಪ್ರತಿ ಸಲವೂ ಎರಡು ಗಾಜು ಬೇಕಾಗಲಿಲ್ಲ. 1856ರ ಹಾಯಿಹಡಗಿನ ಚಿತ್ರ ಒಂದೇ ನೆಗೆಟಿವ್‌ನದು. ಸೂರ್ಯ ಮೋಡದ ಹಿಂದಿರುವಾಗ ಕ್ಯಾಮೆರಾವನ್ನು ಬೆಳಕಿನ ದಿಕ್ಕಿಗೇ ತಿರುಗಿಸಿದರು. ಹೊಳೆಯುವ ನೀರು ಬಾನಿನಷ್ಟೇ ಬೆಳಗಿದ್ದರಿಂದ ಎರಡೂ ಒಂದೇ ಅಳತೆಗೆ ಒಗ್ಗಿದವು. ಆ ಚಿತ್ರ ಲಂಡನ್‌ನಲ್ಲಿ ಪ್ರದರ್ಶನವಾದಾಗ ಅನೇಕರು ಅದನ್ನು ಬೆಳದಿಂಗಳೆಂದೇ ಭಾವಿಸಿದರು.

ಎರಡು ಚಿತ್ರಗಳನ್ನು ಸೇರಿಸುವುದು ಮೋಸವಲ್ಲವೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ಕಣ್ಣು ಕಂಡದ್ದನ್ನು ಗಾಜು ಕಳೆದುಹಾಕಿದಾಗ ಅದನ್ನು ಮರಳಿ ತರುವುದು ಸತ್ಯಕ್ಕೆ ಮಾಡುವ ಸೇವೆ. ಆದರೆ ಲೆ ಗ್ರೇ ಒಂದೇ ಮೋಡದ ನೆಗೆಟಿವನ್ನು ಬೇರೆ ಬೇರೆ ಕಡಲುಗಳ ಮೇಲೆ ಬಳಸಿದ್ದೂ ಉಂಟು. ಅದು ಕಲೆಯಾಗಿ ಸುಂದರ. ಅಂದು ಅಲ್ಲಿ ಹಾಗಿತ್ತು ಎಂಬುದಕ್ಕೆ ಮಾತ್ರ ಸಾಕ್ಷಿಯಾಗದು. ಈ ಎರಡರ ನಡುವಿನ ಗೆರೆಯನ್ನು ಚಿತ್ರ ತೆಗೆಯುವವರು ಮರೆಯಬಾರದು.

ಏರಿದವರು ಇಳಿದ ಬಗೆ

ಕೀರ್ತಿ ಬಂತು, ಹಣ ನಿಲ್ಲಲಿಲ್ಲ. ಪ್ಯಾರಿಸ್‌ನ ಬುಲ್ವಾರ್ ದೆ ಕ್ಯಾಪುಸೀನ್ ಬೀದಿಯಲ್ಲಿ ಅವರು ವೈಭವದ ಸ್ಟುಡಿಯೋ ನಡೆಸುತ್ತಿದ್ದರು. ಅದೇ ಹೊತ್ತಿಗೆ ಅಂಗೈಯಗಲದ ಅಗ್ಗದ ಭಾವಚಿತ್ರಗಳು ಪೇಟೆಯನ್ನು ಆವರಿಸಿದವು. ಲೆ ಗ್ರೇಯವರ ದುಬಾರಿ ಚಿತ್ರಗಳಿಗೆ ಗಿರಾಕಿ ಕಡಿಮೆಯಾಯಿತು. 1860ರಲ್ಲಿ ಕಂಪೆನಿ ಮುಚ್ಚಿತು. ಹೆಂಡತಿ ಮಕ್ಕಳನ್ನು ಹಿಂದೆ ಬಿಟ್ಟು, ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ಅವರ ಹಡಗು ಹತ್ತಿದರು. ಇದು ಅವರ ಬಾಳಿನ ಕಪ್ಪು ಭಾಗ. ಕಲೆಯ ಹೆಸರಿನಲ್ಲಿ ಅದನ್ನು ಮುಚ್ಚಿಡುವುದು ಸಲ್ಲದು.

ಸಿಸಿಲಿಯ ಪಲೆರ್ಮೊದಲ್ಲಿ ಗಾರಿಬಾಲ್ಡಿಯ ಭಾವಚಿತ್ರವನ್ನೂ ಯುದ್ಧದಲ್ಲಿ ಕುಸಿದ ಮನೆಗಳ ಚಿತ್ರಗಳನ್ನೂ ತೆಗೆದರು. ಡ್ಯೂಮಾ ಜೊತೆ ಜಗಳವಾಗಿ ಮಾಲ್ಟಾದಲ್ಲಿ ಇಳಿಯಬೇಕಾಯಿತು. ಅಲ್ಲಿಂದ ಲೆಬನಾನ್, ಬಾಲ್‌ಬೆಕ್, ಅಲೆಕ್ಸಾಂಡ್ರಿಯಾ. 1864ರ ಸುಮಾರಿಗೆ ಕೈರೋ. ಈಜಿಪ್ಟಿನ ಆಡಳಿತಗಾರ ಇಸ್ಮಾಯಿಲ್ ಪಾಷಾ ಅವರ ಮಕ್ಕಳಿಗೂ ಸೈನಿಕ ಶಾಲೆಗಳ ವಿದ್ಯಾರ್ಥಿಗಳಿಗೂ ಚಿತ್ರಕಲೆ ಕಲಿಸಿದರು. ಕೊನೆಯ ಇಪ್ಪತ್ತು ವರ್ಷ ಮೇಷ್ಟರಾಗಿಯೇ ಬಾಳಿ, 1884ರ ಜುಲೈನಲ್ಲಿ ಕೈರೋದಲ್ಲೇ ತೀರಿಕೊಂಡರು. ಪ್ಯಾರಿಸ್ ಅವರನ್ನು ಮರೆತೇಬಿಟ್ಟಿತ್ತು. 1999ರಲ್ಲಿ ಲಂಡನ್ ಹರಾಜಿನಲ್ಲಿ ಅವರ ದೊಡ್ಡ ಅಲೆಯ ಚಿತ್ರ 5 ಲಕ್ಷ ಪೌಂಡ್‌ಗೂ ಮೀರಿದ ಬೆಲೆಗೆ ಹೋಯಿತು. ಆ ಕಾಲಕ್ಕೆ ಛಾಯಾಚಿತ್ರವೊಂದಕ್ಕೆ ಸಿಕ್ಕ ಅತಿ ಹೆಚ್ಚಿನ ಬೆಲೆ ಅದು.

ನಿಮಗಾಗಿ ಎರಡು ಮಾತು

ಇಂದಿನ ಮೊಬೈಲ್‌ಗಳಲ್ಲಿರುವ ಎಚ್‌ಡಿಆರ್ ಸೌಲಭ್ಯ ಮಾಡುವುದೂ ಲೆ ಗ್ರೇ ಮಾಡಿದ್ದನ್ನೇ. ಹಲವು ಚಿತ್ರಗಳನ್ನು ಕ್ಷಣದಲ್ಲಿ ತೆಗೆದು, ಬಾನಿಗೂ ನೆಲಕ್ಕೂ ಹೊಂದುವ ಭಾಗಗಳನ್ನು ಸೇರಿಸುತ್ತದೆ. ಆದರೂ ಯಂತ್ರವನ್ನೇ ನಂಬಿ ಕೂರಬೇಡಿ. ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ ಹೊರಡಿ. ಪರದೆಯ ಮೇಲೆ ಆಕಾಶದ ಭಾಗವನ್ನು ಮುಟ್ಟಿ ಬೆಳಕು ಸರಿಪಡಿಸಿಕೊಳ್ಳಿ. ಡಿಜಿಟಲ್ ಚಿತ್ರದಲ್ಲಿ ಪೂರ್ತಿ ಬಿಳಿಯಾದ ಮೋಡವನ್ನು ಮರಳಿ ತರಲಾಗದು. ನೆರಳಲ್ಲಿ ಅಡಗಿದ್ದನ್ನು ತಕ್ಕಮಟ್ಟಿಗೆ ಮೇಲೆತ್ತಬಹುದು. ಹೊಳಪಿಗೆ ಮರುಳಾಗಿ ನೆರಳನ್ನು ಮರೆಯಬೇಡಿ, ನೆರಳಿಗಾಗಿ ಬಾನನ್ನು ಬಲಿಕೊಡಬೇಡಿ. ಪ್ರತಿಯೊಂದಕ್ಕೂ ಅದರ ಪಾಲಿನ ಹೊತ್ತು ಕೊಡಿ. ಕೀರ್ತಿಯ ಪ್ಯಾರಿಸ್‌ನಲ್ಲಿದ್ದಾಗಲೂ ಮರೆವಿನ ಕೈರೋದಲ್ಲಿದ್ದಾಗಲೂ ಲೆ ಗ್ರೇ ತಾವು ಕಲಿತದ್ದನ್ನು ಕಲಿಸುತ್ತಲೇ ಇದ್ದರು. ಅವರ ಚಿತ್ರಗಳ ಜೊತೆಗೆ ಈ ಗುಣವನ್ನೂ ನೆನಪಿಡಿ.