ದೋಣಿ ನಿಂತಲ್ಲಿ ಹುಟ್ಟಿದ ಊರು

ಬೇಸಿಗೆ ರಜೆಯಲ್ಲಿ ಕೆಂಟಕಿಯ ಲೂಯಿವಿಲ್‌ಗೆ ಹೊರಟ ಮಕ್ಕಳ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ: ಮೃಗಾಲಯ, ಡರ್ಬಿ ಕುದುರೆಗಳು ಓಡುವ ಚರ್ಚಿಲ್ ಡೌನ್ಸ್, ಕಟ್ಟಡಕ್ಕೆ ಒರಗಿ ನಿಂತ 120 ಅಡಿಯ ಉಕ್ಕಿನ ಬ್ಯಾಟು, ಮಹಮ್ಮದ್ ಅಲಿ ಸೆಂಟರ್. (ಊರಿನವರ ಬಾಯಲ್ಲಿ ಈ ಹೆಸರು ‘ಲೂವಲ್’ ಎಂದು ಸವೆದಿದೆ, ನೀವೂ ಹಾಗೇ ಅಂದರೆ ಅವರಿಗೆ ಖುಷಿ.) ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಮಕ್ಕಳೇ, ಅದಕ್ಕೆ ಕೈಹಾಕುವ ಮೊದಲು ಸೇತುವೆ ದಾಟಿ ಇಂಡಿಯಾನಾ ದಡದ ಕ್ಲಾರ್ಕ್ಸ್‌ವಿಲ್‌ಗೆ ಹೋಗಿ, ಓಹಾಯೋ ನದಿಯ ಕಲ್ಲುಹಾಸಿನ ಮೇಲೆ ಅರ್ಧ ದಿನ ಕಳೆಯಿರಿ ಎಂಬುದು ನನ್ನ ವಾದ. ಆ ಕಲ್ಲು ಇಲ್ಲದಿದ್ದರೆ ಎದುರು ದಡದಲ್ಲಿ ಊರು ಹುಟ್ಟಲು ಕಾರಣವೇ ಇರಲಿಲ್ಲ.

ಓಹಾಯೋ ಪಿಟ್ಸ್‌ಬರ್ಗ್‌ನಿಂದ ಹೊರಟು ಮಿಸಿಸಿಪ್ಪಿಯನ್ನು ಸೇರುವವರೆಗೆ 981 ಮೈಲಿ ಹರಿಯುತ್ತದೆ. ಅಷ್ಟು ದೂರದಲ್ಲಿ ದೋಣಿಗೆ ನಿಜವಾಗಿ ಅಡ್ಡ ಬರುತ್ತಿದ್ದ ಜಾಗ ಇದೊಂದೇ. ಇಲ್ಲಿ ಎರಡು ಮೈಲಿ ಚಿಲ್ಲರೆ ದೂರದೊಳಗೆ ನೀರು 26 ಅಡಿ ಇಳಿಯುತ್ತಿತ್ತು. ‘ಫಾಲ್ಸ್ ಆಫ್ ದಿ ಓಹಾಯೋ’ ಎಂಬ ಹೆಸರು ಕೇಳಿ ಜೋಗವನ್ನು ನೆನೆದುಕೊಂಡು ಹೋದವರಿಗೆ ನಿರಾಸೆ ಖಂಡಿತ. ಇದು ಧುಮುಕುವ ನೀರಲ್ಲ, ಸುಣ್ಣಕಲ್ಲಿನ ಮೇಲೆ ನೊರೆಯಾಡುತ್ತ ಜಾರುವ ನೀರು. ಅದರ ಬಹುಪಾಲನ್ನೂ ಈಗ ಅಣೆಕಟ್ಟು ಅಡಗಿಸಿದೆ. ಆದರೆ ಸರಕು ತುಂಬಿದ ದೋಣಿಯ ತಳ ಸೀಳಲು ಆ ಇಳಿಜಾರು ಸಾಕಿತ್ತು. ಹೊಳೆ ತುಂಬಿದ್ದಾಗ ಹೇಗೋ ದಾಟಬಹುದಿತ್ತು. ನೀರು ಇಳಿದಾಗ ಮೂಟೆ, ಪೀಪಾಯಿಗಳನ್ನೆಲ್ಲ ದಡಕ್ಕೆ ಇಳಿಸಿ, ಗಾಡಿಗೆ ಹೇರಿ, ಕೆಳಗಡೆ ಮತ್ತೊಂದು ದೋಣಿಗೆ ತುಂಬಬೇಕು. ಅದಕ್ಕೆ ಹಮಾಲರು ಬೇಕು, ಗಾಡಿಯವರು ಬೇಕು, ಸರಕಿಗೆ ಉಗ್ರಾಣ ಬೇಕು, ಕಾದು ಕೂತವರಿಗೆ ಊಟ ಬೇಕು, ಹಾಸಿಗೆ ಬೇಕು. ಇಷ್ಟೆಲ್ಲ ಒಂದೆಡೆ ಸೇರಿದರೆ ಊರಲ್ಲದೆ ಇನ್ನೇನು? 1778ರಲ್ಲಿ ಜಾರ್ಜ್ ರೋಜರ್ಸ್ ಕ್ಲಾರ್ಕನ ಸೈನಿಕರೊಂದಿಗೆ ಬಂದ ಸಂಸಾರಗಳು ಮೊದಲು ಬೀಡುಬಿಟ್ಟ ಕಾರ್ನ್ ದ್ವೀಪ ಇಂದು ನೀರಿನಡಿ ಇದೆ. 1830ರಲ್ಲಿ ಕಾಲುವೆ ತೋಡಿ ದೋಣಿಗಳಿಗೆ ಬಳಸುದಾರಿ ಮಾಡಿದರು. ಅಷ್ಟರಲ್ಲಿ ಊರು ಬೇರುಬಿಟ್ಟಾಗಿತ್ತು.

ಕಲ್ಲು ನೋಡಿ ಮಕ್ಕಳಿಗೆ ಬೇಸರವಾಗದೇ ಎಂದು ಕೇಳುವವರಿದ್ದಾರೆ. ಯಾವ ಕಲ್ಲು ಎನ್ನುವುದರ ಮೇಲೆ ಹೋಗುತ್ತದೆ. ಇದು ಸುಮಾರು 39 ಕೋಟಿ ವರ್ಷದ ಹಿಂದೆ, ಈ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕೆ ಬೆಚ್ಚನೆಯ ಸಮುದ್ರದಡಿ ಇದ್ದಾಗಿನ ಹವಳದ ದಂಡೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನೀರು ತೀರ ಇಳಿದಾಗ ಹೋಗಿ, ಬೂದು ಬಂಡೆಯ ಮೇಲೆ ಬಾಟಲಿಯಿಂದ ನಾಲ್ಕು ಹನಿ ಚಿಮುಕಿಸಿ. ಒಣಗಿದ್ದಾಗ ಬರೀ ಒರಟಾಗಿ ಕಂಡದ್ದರಲ್ಲಿ ಥಟ್ಟನೆ ಜೇನುಗೂಡಿನ ಕಣ್ಣುಗಳು ಏಳುತ್ತವೆ. ಪಕ್ಕದಲ್ಲಿ ಹೋರಿಯ ಕೊಂಬಿನಂತೆ ಬಾಗಿದ ಇನ್ನೊಂದು ಹವಳ, ಅದರ ಬಾಯಲ್ಲಿ ಚಕ್ರದ ಅರಗಳಂಥ ಗೆರೆಗಳು. ಎತ್ತಿಕೊಂಡು ಬರುವಂತಿಲ್ಲ, ಅದು ನಿಯಮ. ಅಜ್ಜಿ ಮನೆಗೆ ಹೋದಾಗ ಬೆಂಗಳೂರಿನ ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ಲ, ಅದು ಸುಮಾರು 300 ಕೋಟಿ ವರ್ಷದ್ದು. ಅದರಲ್ಲಿ ಎಷ್ಟು ಹುಡುಕಿದರೂ ಒಂದು ಚಿಪ್ಪೂ ಸಿಗದು: ನೆಲದಾಳದ ಕಾವಿನಲ್ಲಿ ಬೆಂದ ಕಲ್ಲು, ಮೇಲಾಗಿ ಆಗಿನ್ನೂ ಚಿಪ್ಪು ಕಟ್ಟುವ ಜೀವಿಯೇ ಇರಲಿಲ್ಲ. ಎರಡೂ ಬಂಡೆ ಮೆಟ್ಟಿದ ಮಗುವಿಗೆ ಭೂಮಿಯ ವಯಸ್ಸು ಕಾಲಿನಿಂದಲೇ ಅರ್ಥವಾಗುತ್ತದೆ.

ಸರಿ, ಬ್ಯಾಟಿಗೂ ಕುದುರೆಗೂ ನದಿಗೂ ಏನು ನಂಟು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಡರ್ಬಿ 1875ರಿಂದ ನಡೆದಿದೆ. ಅದನ್ನು ತಂದು ನದಿಗೆ ಗಂಟು ಹಾಕಲು ನಾನು ಹೋಗುವುದಿಲ್ಲ. ಬೇಸ್‌ಬಾಲ್ ಬ್ಯಾಟಿನ ಕಾರ್ಖಾನೆಯೂ ಅಷ್ಟೆ. ಅಲ್ಲಿ ಮರವನ್ನು ಲೇತಿಗೆ ಕೊಟ್ಟು ತಿರುಗಿಸುತ್ತ ಕಡೆಯುವುದನ್ನು ತಪ್ಪದೆ ನೋಡಿ, ಚನ್ನಪಟ್ಟಣದ ಬೊಂಬೆಯೂ ಹಾಗೇ ರೂಪ ತಳೆಯುವುದು. ಎಲ್ಲವೂ ನದಿಯಿಂದಲೇ ಬಂತೆಂದು ನಾನು ಹೇಳುತ್ತಿಲ್ಲ. ನದಿ ಗೊತ್ತಿದ್ದರೆ ಉಳಿದದ್ದರ ಅರ್ಥ ಹೆಚ್ಚುತ್ತದೆ, ಅಷ್ಟೆ. ‘ಬೆಲ್ ಆಫ್ ಲೂಯಿವಿಲ್’ ಎಂಬ ಹಬೆದೋಣಿ 1914ರದು. ಹಿಂಬದಿಯ ಕೆಂಪು ಚಕ್ರ ನೀರು ಬಾಚುವಾಗ, ಮೇಲಿನ ಹಬೆ ಸೀಟಿಗಳ ವಾದ್ಯ ಕಿವಿಗಡಚಿಕ್ಕುವಾಗ, ಇಂಥ ದೋಣಿಗಳು ಇಲ್ಲಿಗೆ ಬಂದು ಯಾಕೆ ನಿಲ್ಲುತ್ತಿದ್ದವು ಎಂದು ತಿಳಿದ ಮಗು ಆಚೀಚೆ ನೋಡುವ ರೀತಿಯೇ ಬೇರೆ.

ಬಾಕ್ಸರ್ ಅಲಿಯ ಕಥೆಯಂತೂ ನದಿಯಿಲ್ಲದೆ ಅರ್ಧ. 1954ರಲ್ಲಿ, ಆಗಿನ್ನೂ ಕ್ಯಾಸಿಯಸ್ ಕ್ಲೇ ಎಂಬ ಹೆಸರಿನ ಹನ್ನೆರಡರ ಹುಡುಗನಾಗಿದ್ದ ಅಲಿಯ ಸೈಕಲ್ ಕಳುವಾಯಿತು. ಕದ್ದವನನ್ನು ಹೊಡೆಯುತ್ತೇನೆಂದು ರೇಗಿದವನಿಗೆ ಜೋ ಮಾರ್ಟಿನ್ ಎಂಬ ಪೊಲೀಸ್, ಮೊದಲು ಹೊಡೆಯುವುದನ್ನು ಕಲಿ ಅಂದ. 1960ರಲ್ಲಿ ರೋಮ್ ಒಲಿಂಪಿಕ್ಸ್‌ನ ಚಿನ್ನ ಗೆದ್ದು ಬಂದರೂ ಕರಿಯರಿಗೆ ಬಾಗಿಲು ಮುಚ್ಚಿದ ಹೋಟೆಲುಗಳು ಊರಲ್ಲಿದ್ದವು. ಪದಕವನ್ನು ಓಹಾಯೋಗೆ ಎಸೆದೆ ಎನ್ನುತ್ತದೆ 1975ರ ಆತ್ಮಕಥೆ. ಇಲ್ಲ, ಅದು ಕಳೆದುಹೋಯಿತು ಎಂಬ ಮಾತೂ ಇದೆ. ಬದಲಿ ಪದಕ ಸಿಕ್ಕಿದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ನಿಜವೋ ಅಲ್ಲವೋ, ಎಸೆಯಲು ಆ ಕಥೆ ಈ ನದಿಯನ್ನೇ ಆರಿಸಿಕೊಂಡಿತು. ಅಂತರ್ಯುದ್ಧದ ಮೊದಲು ದಕ್ಷಿಣ ದಡದ ಕೆಂಟಕಿಯಲ್ಲಿ ಗುಲಾಮಗಿರಿ ಕಾನೂನೇ ಆಗಿತ್ತು, ಉತ್ತರ ದಡದ ಇಂಡಿಯಾನಾದಲ್ಲಿ ನಿಷಿದ್ಧ. ಓಡಿಬಂದವರ ಕಣ್ಣೆದುರಿಗೇ ಆಚೆ ದಡ. 1895ರ ಬಿಗ್ ಫೋರ್ ರೈಲು ಸೇತುವೆ ಈಗ ಕಾಲ್ನಡಿಗೆಯವರದು. ಸಂಜೆ ಅದರ ಮೇಲೆ ನಡೆಯುತ್ತ ರಾಜ್ಯದ ಗಡಿ ಎಲ್ಲಿರಬಹುದು ಎಂದು ಊಹಿಸಿ. ನಡುನೀರಿನಲ್ಲಿ ಎನ್ನುತ್ತೀರಿ. ಅಲ್ಲ, 1792ರಲ್ಲಿ ಕೆಂಟಕಿ ರಾಜ್ಯವಾದಾಗ ನೀರು ಇಳಿದ ಹೊತ್ತಿನ ಉತ್ತರ ದಡದ ಅಂಚೇ ಗಡಿ. ಹೊಳೆ ಬಹುತೇಕ ಪೂರ್ತಿ ಕೆಂಟಕಿಯದು. ಈಜಿ ದಾಟುವವರು ಆಚೆಯ ಕೆಸರಿಗೆ ಕಾಲಿಡುವವರೆಗೂ ಕೆಂಟಕಿಯಲ್ಲೇ ಇರುತ್ತಿದ್ದರು.