ಆಶ್ರಯ ಕೊಟ್ಟ ನೆಲದ ಲೆಕ್ಕ ಕೇಳಿದ ದಾದಾಭಾಯಿ

ಸೊಲ್ಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಮುಂಬೈ ಸಿಎಸ್‌ಎಂಟಿಯಲ್ಲಿ ಇಳಿದವರು ಹೊರಗೆ ಕಾಲಿಡೋದೇ ಡಿ.ಎನ್. ರಸ್ತೆಗೆ. ಡಿ.ಎನ್. ಅಂದ್ರೆ ದಾದಾಭಾಯಿ ನವರೋಜಿ. ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿ ಹೋದ ಭಾರತೀಯ ಅಂತ ಶಾಲೆಯಲ್ಲಿ ಓದಿದ್ದು ಬಹಳ ಮಂದಿಗೆ ನೆನಪಿದೆ. ನಿರಾಶ್ರಿತರಾಗಿ ಬಂದ ಜನಾಂಗದ ಕುಡಿ ಅವರು ಎಂಬುದು ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ.

ಇರಾನಿನಲ್ಲಿ ಅರಬರ ಆಳ್ವಿಕೆ ಬಂದ ಮೇಲೆ ಧರ್ಮ ಉಳಿಸಿಕೊಳ್ಳಲು ಹಡಗು ಹತ್ತಿದ ಪಾರ್ಸಿಗಳು ಗುಜರಾತಿನ ಸಂಜಾಣದಲ್ಲಿ ಇಳಿದರು. ಸಾವಿರ ವರ್ಷಕ್ಕೂ ಹಿಂದಿನ ಮಾತಿದು. ಅಲ್ಲಿನ ರಾಜ ಜಾಗ ಕೊಟ್ಟ, ಆದರೆ ಶಸ್ತ್ರ ಕೆಳಗಿಡಬೇಕು, ಇಲ್ಲಿಯ ಭಾಷೆ ಆಡಬೇಕು, ಹೆಣ್ಣುಮಕ್ಕಳು ಇಲ್ಲಿಯ ಉಡುಪು ಉಡಬೇಕು ಎಂದು ಷರತ್ತು ಹಾಕಿದ ಅಂತ ಅವರ ಪರಂಪರೆಯ ಕಥೆ ಹೇಳುತ್ತದೆ. ಮನೆಮಾತು ಗುಜರಾತಿ ಆಯಿತು, ಧರ್ಮ ಬಿಡಲಿಲ್ಲ. ಗಡಿಯಾಚೆ ಬಾಳುವ ಕನ್ನಡದ ಮನೆಗಳಿಗೆ ಈ ಪೇಚು ಬಿಡಿಸಿ ಹೇಳಬೇಕಿಲ್ಲ.

ನವಸಾರಿಯ ಬಡ ಪುರೋಹಿತ ಮನೆತನದಲ್ಲಿ ದಾದಾಭಾಯಿ 1825ರ ಸೆಪ್ಟೆಂಬರ್ 4ರಂದು ಹುಟ್ಟಿದರು. ನಾಲ್ಕು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಓದು ಬರಹ ಬಾರದ ತಾಯಿ ಮಾಣೆಕಬಾಯಿ ಮರುಮದುವೆಯಾಗದೆ ಮಗನನ್ನು ಸಾಕಿದರು. ಫೀ ಇಲ್ಲದ ಶಾಲೆ ಸಿಕ್ಕಿದ್ದರಿಂದ ಹುಡುಗ ಓದಿದ. ಜನರ ದುಡ್ಡಿನಲ್ಲಿ ಕಲಿತಿದ್ದೇನೆ, ಅದನ್ನು ಜನರಿಗೇ ತಿರುಗಿ ಕೊಡಬೇಕು ಎಂಬ ಯೋಚನೆ ಆಗಲೇ ಬೇರೂರಿತು ಎಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. 1845ರಲ್ಲಿ ಇಂಗ್ಲೆಂಡಿಗೆ ಕಳಿಸಿ ಕಾನೂನು ಓದಿಸುವ ಮಾತು ಬಂತು. ಹುಡುಗ ಮತಾಂತರ ಆಗಿಬಿಟ್ಟರೆ ಗತಿಯೇನು ಅಂತ ಪಾರ್ಸಿ ಹಿರಿಯರು ಒಪ್ಪಲಿಲ್ಲ. ಚಿಕ್ಕ ಸಮಾಜದ ಅಂಜಿಕೆ ಅದು.

1849ರಲ್ಲಿ ಗೆಳೆಯರ ಜೊತೆ ಸೇರಿ ಮುಂಬೈಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಪಾರ್ಸಿ ಹುಡುಗಿಯರಿಗಷ್ಟೇ ಅಲ್ಲ, ಮರಾಠಿ ಹುಡುಗಿಯರಿಗೂ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತ ಪ್ರಾಧ್ಯಾಪಕರಾದರು. 1855ರಲ್ಲಿ ವ್ಯಾಪಾರಕ್ಕೆಂದು ಲಂಡನ್ನಿಗೆ ಹೋದರು.

ಹಿರಿಯರ ಇರಾನನ್ನು ಅವರು ಮರೆಯಲಿಲ್ಲ. ಅಲ್ಲೇ ಉಳಿದ ಧರ್ಮಬಾಂಧವರು ಜಜಿಯಾ ತೆರಿಗೆ ಕಟ್ಟುತ್ತಾ ಕಷ್ಟದಲ್ಲಿದ್ದರು. 1873ರಲ್ಲಿ ಇರಾನಿನ ಶಹಾ ಲಂಡನ್ನಿಗೆ ಬಂದಾಗ ಅವರ ಪರವಾಗಿ ಅರ್ಜಿ ಕೊಟ್ಟ ಪಾರ್ಸಿ ನಿಯೋಗದಲ್ಲಿ ದಾದಾಭಾಯಿಯೂ ಇದ್ದರು. ಈ ಕೆಲಸದಲ್ಲಿ ಇನ್ನೂ ಅನೇಕರು ವರ್ಷಗಟ್ಟಲೆ ದುಡಿದಿದ್ದರು. 1882ರಲ್ಲಿ ಆ ತೆರಿಗೆ ರದ್ದಾಯಿತು.

ಆದರೆ ಅವರ ಆಯುಷ್ಯದ ದೊಡ್ಡ ಪಾಲು ಹೋದದ್ದು ಆಶ್ರಯ ಕೊಟ್ಟ ನೆಲಕ್ಕೆ. ಸರ್ಕಾರದ್ದೇ ಅಂಕಿ ಅಂಶ ಹಿಡಿದು ಕೂತು ಭಾರತೀಯನ ತಲಾ ಆದಾಯ ವರ್ಷಕ್ಕೆ ಬರೀ 20 ರೂಪಾಯಿ ಅಂತ ಲೆಕ್ಕ ಹಾಕಿದರು. ಜೈಲಿನ ಕೈದಿಯ ಊಟ ಬಟ್ಟೆಯ ಖರ್ಚಿಗಿಂತ ಅದು ಕಡಿಮೆ! ಇಲ್ಲಿಯ ಸಂಪತ್ತು ಇಂಗ್ಲೆಂಡಿಗೆ ಹೇಗೆ ಸೋರುತ್ತಿದೆ ಅಂತ ತೋರಿಸಿಕೊಟ್ಟರು. ಭಾಷಣಕ್ಕಿಂತ ಈ ಜಮಾ ಖರ್ಚೇ ಆಳುವವರಿಗೆ ಹೆಚ್ಚು ಚುಚ್ಚಿತು ಎನ್ನಬೇಕು.

ನಾವು ಬೆರಳೆಣಿಕೆಯ ಜನ, ಆಳುವವರ ಜೊತೆ ಇರೋದೇ ಕ್ಷೇಮ ಎಂದು ವಾದಿಸುವ ಪ್ರಮುಖರು ಪಾರ್ಸಿಗಳಲ್ಲೇ ಇದ್ದರು. ದಾದಾಭಾಯಿ ಒಪ್ಪಲಿಲ್ಲ. 1888ರಲ್ಲಿ ಪ್ರಧಾನಿ ಸಾಲ್ಸ್‌ಬರಿ ಅವರನ್ನು ಕರಿಯ ಎಂದು ಹೀಗಳೆದಾಗ ಇಂಗ್ಲಿಷ್ ಪತ್ರಿಕೆಗಳಲ್ಲೇ ಟೀಕೆ ಬಂತು, ದಾದಾಭಾಯಿ ಹೆಸರು ಮನೆಮಾತಾಯಿತು. 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಿಂದ ಗೆದ್ದ ಅಂತರ ಐದೇ ಮತ.

ಮರುವರ್ಷ ಲಾಹೋರ್ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಬಂದಾಗ, ತಾನು ಹಿಂದೂ ಆಗಲಿ, ಮುಸಲ್ಮಾನ ಆಗಲಿ, ಪಾರ್ಸಿ ಆಗಲಿ, ಎಲ್ಲಕ್ಕಿಂತ ಮೊದಲು ಭಾರತೀಯ ಎಂದು ಸಾರಿದರು. 1906ರ ಕಲ್ಕತ್ತಾ ಅಧಿವೇಶನದಲ್ಲಿ, 81ರ ವಯಸ್ಸಿನಲ್ಲಿ, ಅಧ್ಯಕ್ಷಪೀಠದಿಂದಲೇ ಸ್ವರಾಜ್ಯ ಬೇಕೆಂದರು. ಮರುವರ್ಷ ಇಂಗ್ಲೆಂಡ್ ಬಿಟ್ಟು ಬಂದು ಮುಂಬೈ ಹತ್ತಿರದ ವರ್ಸೋವಾದಲ್ಲಿ ನೆಲೆಸಿದರು. 1917ರ ಜೂನ್ 30ರಂದು ಮುಂಬೈಯಲ್ಲಿ ತೀರಿಕೊಂಡರು.