ಗೇರಿನ ಗೊಡವೆ ತಪ್ಪಿಸಿದ ಕಮ್ಮಾರನ ಮಗ

ನೆದರ್ಲೆಂಡ್ಸ್ ದೇಶದ ಲಿಂಬರ್ಗ್ ಪ್ರಾಂತ್ಯದಲ್ಲಿ ಅಮೆರಿಕ ಅಂತ ಒಂದು ಹಳ್ಳಿ ಇದೆ. ನಮ್ಮೂರು ಇಂಡಿ ಅಂದರೆ ಬೆಂಗಳೂರಿನ ಕಡೆಯವರು, ಇಂಡಿಯಾ ಸರಿ, ಊರು ಯಾವುದು ಅಂತ ಕೇಳುತ್ತಾರಲ್ಲ, ಆ ಹಳ್ಳಿಯವರಿಗೂ ಅಂಥದೇ ಫಜೀತಿ ಇರಬೇಕು. 1900ರ ಜನವರಿ 1ರಂದು ಅಲ್ಲಿನ ಕಮ್ಮಾರನ ಮನೆಯಲ್ಲಿ ಹುಟ್ಟಿದವರು ಹುಬರ್ಟಸ್ ಯೋಸೆಫಸ್ ವಾನ್ ಡೋರ್ನೆ. ಊರವರಿಗೆಲ್ಲ ಅವರು ಬರೀ ಹಬ್.

ನಾನು ಮೆಕ್ಯಾನಿಕಲ್ ಬಿಇ ಓದುತ್ತಿದ್ದೇನೆ. ಟ್ರಾನ್ಸ್‌ಮಿಷನ್ ಪಾಠದಲ್ಲಿ ಸಿವಿಟಿ ಎಂಬ ಮೂರಕ್ಷರ ಬಂತು, ಅದರ ಚಿತ್ರ ಬಂತು, ಪರೀಕ್ಷೆಯಲ್ಲಿ ಪ್ರಶ್ನೆಯೂ ಬಂತು. ಈ ಮನುಷ್ಯನ ಹೆಸರು ಮಾತ್ರ ಎಲ್ಲೂ ಬರಲಿಲ್ಲ. ಅವರ ಕತೆ ಗೊತ್ತಾದ ಮೇಲೆ ಗೆಳೆಯರಿಗೆ ಹೇಳದೆ ಇರಲು ಆಗಲಿಲ್ಲ. ಈಗ ನಿಮಗೂ ಹೇಳುತ್ತಿದ್ದೇನೆ.

ಹಬ್ ಸಣ್ಣವರಿದ್ದಾಗಲೇ ತಂದೆ ತೀರಿಕೊಂಡರು. ಕಬ್ಬಿಣ ಕಾಯಿಸುವುದು, ಬಡಿಯುವುದು, ಬೆಸೆಯುವುದು, ಇಷ್ಟೇ ಅವರಿಗೆ ಬಂದ ಆಸ್ತಿ. ಅಲ್ಲಿ ಇಲ್ಲಿ ಕೂಲಿಗೆ ದುಡಿದರು. ಐಂಡ್‌ಹೋವನ್ ಪಟ್ಟಣದಲ್ಲಿ ಹ್ಯೂಂಗೆಸ್ ಎಂಬ ಬಿಯರ್ ಕಾರ್ಖಾನೆಯ ಮುಖ್ಯಸ್ಥರಿದ್ದರು. ಅವರ ಕಾರನ್ನು ಹಬ್ ದುರಸ್ತಿ ಮಾಡಿಕೊಟ್ಟರು. ಆ ಕೈಗುಣ ನೋಡಿದ ಹ್ಯೂಂಗೆಸ್ ಬಂಡವಾಳ ಹಾಕಲು ಮುಂದೆ ಬಂದರು. 1928ರ ಏಪ್ರಿಲ್ 1ರಂದು ಬಿಯರ್ ಕಾರ್ಖಾನೆಯ ಆವರಣದಲ್ಲೇ ಒಂದು ಪುಟ್ಟ ವರ್ಕ್‌ಶಾಪ್ ಶುರುವಾಯಿತು. ಲೆಕ್ಕ, ವ್ಯವಹಾರ ನೋಡಿಕೊಳ್ಳಲು ತಮ್ಮ ವಿಮ್ ಬಂದರು. ಅಣ್ಣನದು ಸುತ್ತಿಗೆ, ತಮ್ಮನದು ಖಾತೆಪುಸ್ತಕ.

ಸ್ವಲ್ಪ ದಿನಕ್ಕೇ ಜಗತ್ತಿನಲ್ಲೆಲ್ಲ ಆರ್ಥಿಕ ಕುಸಿತ. ವೆಲ್ಡಿಂಗ್ ಕೆಲಸ ಕಡಿಮೆಯಾದಾಗ ಅಣ್ಣತಮ್ಮ ಲಾರಿಗೆ ಜೋಡಿಸುವ ಟ್ರೇಲರ್ ಮಾಡಲು ಕುಳಿತರು. ಟ್ರೇಲರ್ ಕಾರ್ಖಾನೆಯ ಡಚ್ ಹೆಸರಿನ ಮೊದಲಕ್ಷರಗಳಿಂದ ಡಾಫ್ ಎಂಬ ಹೆಸರು ಹುಟ್ಟಿತು. ಯುದ್ಧದ ದಿನಗಳಲ್ಲಿ ಹಬ್ ಒಬ್ಬರೇ ಕೂರುವಷ್ಟು ಸಣ್ಣ ಮೂರು ಗಾಲಿಯ ಕಾರು ಮಾಡಿದ್ದರು. ಜನ ಅದಕ್ಕೆ ಇಟ್ಟ ಹೆಸರು ಓಡುವ ರೇನ್‌ಕೋಟ್! ಯುದ್ಧ ಮುಗಿದು 1949ರಲ್ಲಿ ಡಾಫ್ ಲಾರಿಗಳು ಹೊರಬಂದವು. ಅವು ಈಗಲೂ ಯುರೋಪಿನ ರಸ್ತೆಗಳಲ್ಲಿ ಓಡುತ್ತಿವೆ. ಇಷ್ಟಕ್ಕೇ ನಿಲ್ಲಿಸಿದ್ದರೂ ಹಬ್ ದೊಡ್ಡ ಉದ್ಯಮಿ ಅನ್ನಿಸಿಕೊಳ್ಳುತ್ತಿದ್ದರು. ಆದರೆ ಅವರ ತಲೆಯಲ್ಲಿ ಬೇರೆಯೇ ಒಂದು ಯೋಚನೆ ಇತ್ತು: ಗೇರ್ ಹಾಕಲು ಬಾರದವರೂ ನಡೆಸಬಹುದಾದ, ಮಧ್ಯಮ ವರ್ಗದವರ ಕೈಗೆಟಕುವ ಕಾರು.

ಆ ಯೋಚನೆ ಅರ್ಥವಾಗಬೇಕಾದರೆ ನಮ್ಮ ಊರುಗಳ ಹಿಟ್ಟಿನ ಗಿರಣಿ ನೆನಪಿಸಿಕೊಳ್ಳಿ. ಮೋಟರಿಗೆ ಒಂದು ಪುಲ್ಲಿ, ಗಿರಣಿ ಕಲ್ಲಿಗೆ ಒಂದು ಪುಲ್ಲಿ, ನಡುವೆ ಬೆಲ್ಟು. ಮೋಟರಿನ ಪುಲ್ಲಿ ಸಣ್ಣದು, ಕಲ್ಲಿನದು ದೊಡ್ಡದಾದರೆ ಕಲ್ಲು ನಿಧಾನ ತಿರುಗುತ್ತದೆ, ಅದರ ಜೋರು ಹೆಚ್ಚು. ಅದಲುಬದಲು ಮಾಡಿದರೆ ವೇಗ ಹೆಚ್ಚು, ಜೋರು ಕಡಿಮೆ. ಕಾರಿನ ಗೇರ್‌ಬಾಕ್ಸ್ ಮಾಡುವುದೂ ಇದೇ ಕೆಲಸ. ಆದರೆ ಅಲ್ಲಿರುವುದು ನಾಲ್ಕೋ ಐದೋ ಮೆಟ್ಟಿಲು. ಎರಡನೇ ಗೇರಿಗೂ ಮೂರನೆಯದಕ್ಕೂ ನಡುವಿನ ಜೋಡಣೆ ಬೇಕು ಅಂದರೆ ಸಿಗುವುದಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ದಿಬ್ಬ ಹತ್ತುವಾಗ ಡ್ರೈವರ್ ಒಂದು ಗೇರಿನಲ್ಲಿ ಎಂಜಿನ್ ಅರಚುವುದನ್ನೂ ಇನ್ನೊಂದರಲ್ಲಿ ಏದುಸಿರು ಬಿಡುವುದನ್ನೂ ಕೇಳಬೇಕಾಗುವುದು ಇದಕ್ಕೇ.

ಹಬ್ ಮಾಡಿದ್ದು ಇಷ್ಟು: ಪುಲ್ಲಿಯನ್ನು ನಡುವೆ ಸೀಳಿ ಎರಡು ಶಂಕುಗಳನ್ನಾಗಿ ಮಾಡಿದರು. ಶಂಕುಗಳು ಹತ್ತಿರ ಬಂದರೆ ಬೆಲ್ಟು ಅಂಚಿನ ಕಡೆ ಏರುತ್ತದೆ, ಪುಲ್ಲಿ ದೊಡ್ಡದಾದಂತೆ. ದೂರ ಸರಿದರೆ ಬೆಲ್ಟು ಒಳಗೆ ಇಳಿಯುತ್ತದೆ, ಪುಲ್ಲಿ ಸಣ್ಣದಾದಂತೆ. ಮುಂದಿನ ಪುಲ್ಲಿ ಹಿಗ್ಗಿದಷ್ಟು ಹಿಂದಿನದು ಕುಗ್ಗಬೇಕು, ಯಾಕೆಂದರೆ ಬೆಲ್ಟಿನ ಉದ್ದ ಬದಲಾಗುವುದಿಲ್ಲ. ಶಂಕುಗಳನ್ನು ತಳ್ಳಲು ಎಂಜಿನ್ ತಿರುಗಿದಂತೆ ಹೊರಗೆ ಚಿಮ್ಮುವ ತೂಕದ ತುಂಡುಗಳು ಮತ್ತು ಎಂಜಿನ್ನಿನ ನಿರ್ವಾತದ ಎಳೆತ. ಮೆಟ್ಟಿಲು ಹೋಗಿ ಇಳಿಜಾರು ಬಂತು. ಸಾಮಾನ್ಯ ಚಾಲನೆಯಲ್ಲಿ ಎಂಜಿನ್ ತನಗೆ ಹಿತವಾದ ವೇಗದ ಹತ್ತಿರವೇ ಇರುತ್ತದೆ, ಗಾಲಿಯ ವೇಗ ಮಾತ್ರ ಏರುತ್ತಾ ಹೋಗುತ್ತದೆ. ಜರ್ಕ್ ಇಲ್ಲ, ಕ್ಲಚ್ ತುಳಿಯುವ ಕೆಲಸ ಇಲ್ಲ. ಅಮೆರಿಕ ದೇಶದ ಮಿಲ್ಟನ್ ರೀವ್ಸ್ 19ನೇ ಶತಮಾನದ ಕೊನೆಗೇ ಇಂಥ ಪುಲ್ಲಿಗಳನ್ನು ಕಾರಿಗೆ ಜೋಡಿಸಿ ನೋಡಿದ್ದರು. ಕಾರ್ಖಾನೆಯಲ್ಲಿ ಸಾಲುಸಾಲಾಗಿ ಮಾಡಿ ಮಾರಿ ನಿಲ್ಲಿಸಿದವರು ಹಬ್.

1958ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವಾಹನ ಮೇಳದಲ್ಲಿ ಡಾಫ್ 600 ಕಾರನ್ನು ತೋರಿಸಿದರು. 590 ಸಿಸಿಯ ಎರಡು ಸಿಲಿಂಡರ್ ಎಂಜಿನ್, ಗರಿಷ್ಠ ವೇಗ ಗಂಟೆಗೆ ಸುಮಾರು 90 ಕಿ.ಮೀ. ಹಿಂದಿನ ಎರಡೂ ಗಾಲಿಗೆ ಒಂದೊಂದು ರಬ್ಬರ್ ಬೆಲ್ಟು. ಈ ವ್ಯವಸ್ಥೆಗೆ ವೇರಿಯೋಮ್ಯಾಟಿಕ್ ಅಂತ ಹೆಸರು. ಮುಂದೆ ಹೋಗಲು ಒಂದು ಕಡೆ, ಹಿಂದೆ ಹೋಗಲು ಇನ್ನೊಂದು ಕಡೆ ತಳ್ಳುವ ಒಂದೇ ಸಣ್ಣ ಹಿಡಿಕೆ, ಅಷ್ಟೇ. ಇದರಿಂದ ಒಂದು ತಮಾಷೆಯೂ ಆಯಿತು. ರಿವರ್ಸ್‌ನಲ್ಲೂ ಬೆಲ್ಟು ಅದೇ ಕೆಲಸ ಮಾಡುತ್ತಿದ್ದುದರಿಂದ ಡಾಫ್ ಮುಂದಕ್ಕೆ ಓಡಿದಷ್ಟೇ ಜೋರಾಗಿ ಹಿಂದಕ್ಕೂ ಓಡುತ್ತಿತ್ತು. ಮುಂದೆ ಡಚ್ಚರು ಹಳೇ ಡಾಫ್‌ಗಳನ್ನು ಹಿಂದಕ್ಕೆ ಓಡಿಸುವ ರೇಸ್ ಮಾಡಿ ಟಿವಿಯಲ್ಲಿ ನೋಡಿ ನಕ್ಕರು.

ಆದರೆ ಇನ್ನೊಂದು ಥರದ ನಗುವೂ ಇತ್ತು. ನಡೆಸಲು ಸುಲಭ ಅನ್ನುವ ಕಾರಣಕ್ಕೇ ಅದು ಮುದುಕಿಯರ ಕಾರು, ಹೆಂಗಸರ ಕಾರು ಅನ್ನಿಸಿಕೊಂಡಿತು. ಗಂಡಸು ಅಂದರೆ ಗೇರ್ ಹಾಕಬೇಕು ಅನ್ನುವ ಭ್ರಮೆ. ಇದನ್ನು ಓದಿದಾಗ ನನಗೆ ನಮ್ಮ ಅಕ್ಕನ ನೆನಪಾಯಿತು. ಅಕ್ಕ ಮುದ್ದೇಬಿಹಾಳ ತಾಲ್ಲೂಕಿನ ಒಂದು ಶಾಲೆಯಲ್ಲಿ ಟೀಚರ್. ಬಸ್ ತಪ್ಪಿದರೆ ಮುಂದಿನದು ಯಾವಾಗಲೋ. ಮನೆಯಲ್ಲಿ ಬೈಕ್ ಇತ್ತು, ಅದನ್ನು ಅಕ್ಕನಿಗೆ ಕಲಿಸುವ ಮಾತು ಯಾರೂ ಎತ್ತಲಿಲ್ಲ. ಗೇರ್ ಇಲ್ಲದ ಸ್ಕೂಟರ್ ಬಂದಮೇಲೆ ಮೂರೇ ದಿನಕ್ಕೆ ಅವಳು ಊರು ದಾಟಿ ಹೋದಳು. ಅದಕ್ಕೂ ನಮ್ಮ ಓಣಿಯ ಹುಡುಗರು ಹುಡುಗಿಯರ ಗಾಡಿ ಅಂತಾರೆ. ಬಸವನ ಬಾಗೇವಾಡಿ, ಸಿಂದಗಿ ಪೇಟೆಗಳಲ್ಲಿ ಈಗ ನಿಂತು ನೋಡಿ. ಕಾಲೇಜಿಗೆ ಹೋಗುವವರು, ನರ್ಸ್‌ಗಳು, ಬ್ಯಾಂಕಿನವರು, ಲಿಂಬೆಹಣ್ಣಿನ ಚೀಲ ಕಾಲ ಹತ್ತಿರ ಇಟ್ಟುಕೊಂಡ ರೈತರು, ಎಲ್ಲರೂ ಅದೇ ಗಾಡಿಯ ಮೇಲೆ.

ಪೆಟ್ರೋಲ್ ಸ್ಕೂಟರಿನ ಎಡಗಡೆಯ ಕವರ್ ಬಿಚ್ಚಿದರೆ ಕಾಣುವುದು ವೇರಿಯೋಮ್ಯಾಟಿಕ್‌ನ ಹತ್ತಿರದ ನೆಂಟನೇ. ಮುಂದೆ ರೋಲರ್‌ಗಳು ಕೂತ ವೇರಿಯೇಟರ್, ಹಿಂದೆ ಸ್ಪ್ರಿಂಗ್ ಹಾಕಿದ ಪುಲ್ಲಿ, ನಡುವೆ ವಿ ಆಕಾರದ ಬೆಲ್ಟು. ನಮ್ಮ ದೇಶದಲ್ಲಿ 1980ರ ದಶಕದ ಕೈನೆಟಿಕ್ ಹೋಂಡಾ ಇದನ್ನು ಮನೆಮಾತು ಮಾಡಿತು. ಇವತ್ತು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ಸ್ಕೂಟರ್‌ಗಳು ತಯಾರಾಗುತ್ತವೆ. ಬಿಡದಿಯ ಟೊಯೋಟಾದಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಪೆಟ್ರೋಲ್ ಮಾದರಿಯಲ್ಲೂ ಸಿವಿಟಿ ಇದೆ. ಇಂಟರ್‌ವ್ಯೂಗೆ ಹೋಗುವವರು ಒಂದು ಗಮನಿಸಿ: ಅದೇ ಗಾಡಿಯ ಹೈಬ್ರಿಡ್ ಮಾದರಿಯದನ್ನು ಇ-ಸಿವಿಟಿ ಅಂತಾರೆ, ಅದರಲ್ಲಿ ಬೆಲ್ಟೂ ಇಲ್ಲ, ಶಂಕುವೂ ಇಲ್ಲ. ಅದು ಎಲೆಕ್ಟ್ರಿಕ್ ಮೋಟರ್ ಮತ್ತು ಪ್ಲಾನೆಟರಿ ಗೇರಿನ ಆಟ.

ರಬ್ಬರ್ ಬೆಲ್ಟಿಗೆ ಮಿತಿ ಇತ್ತು. ಸವೆಯುತ್ತದೆ, ದೊಡ್ಡ ಎಂಜಿನ್ನಿನ ಜೋರು ತಡೆಯುವುದಿಲ್ಲ. ಹಬ್ ಅವರ ಸ್ವಂತ ಕಂಪನಿಯ ದೊಡ್ಡ ಲಾರಿಗಳು ಕೊನೆಯವರೆಗೂ ಗೇರನ್ನೇ ನಂಬಿಕೊಂಡಿದ್ದವು. 1965ರಲ್ಲಿ ಅವರು ಕಂಪನಿಯ ಆಡಳಿತದಿಂದ ನಿವೃತ್ತರಾದರು. ನಮ್ಮಲ್ಲಾದರೆ ಕಟ್ಟೆ ಮೇಲೆ ಕೂರುವ ವಯಸ್ಸು. ಅವರು ಈ ಮಿತಿಯ ಬೆನ್ನು ಹತ್ತಿದರು. 1970ರ ದಶಕದ ಆರಂಭದಲ್ಲಿ, ವಯಸ್ಸು ಎಪ್ಪತ್ತು ದಾಟಿದಾಗ, ಟ್ರಾನ್ಸ್‌ಮಿಷನ್ನಿಗೆಂದೇ ಹೊಸ ಕಂಪನಿ ಶುರುಮಾಡಿದರು. ಅದು ಟಿಲ್‌ಬರ್ಗ್ ಊರಿನಲ್ಲಿ ನೆಲೆ ನಿಂತಿತು.

ಅಲ್ಲಿ ರೂಪುಗೊಂಡ ಬೆಲ್ಟು ವಿಚಿತ್ರವಾದದ್ದು. ತೆಳ್ಳನೆಯ ಉಕ್ಕಿನ ಬಿಲ್ಲೆಗಳು, ಸುಮಾರು 400, ಒಂದರ ಹಿಂದೆ ಒಂದು. ಅವನ್ನು ಹಿಡಿದಿಡಲು ಎರಡು ಕಡೆ ಕಾಗದದಷ್ಟು ತೆಳುವಾದ ಉಕ್ಕಿನ ಬಳೆಗಳ ಪದರ. ಸಾಮಾನ್ಯ ಬೆಲ್ಟು ಎಳೆಯುತ್ತದೆ, ಇದು ತಳ್ಳುತ್ತದೆ. ಮುಂದಿನ ಪುಲ್ಲಿ ಬಿಲ್ಲೆಯನ್ನು ನೂಕುತ್ತದೆ, ಅದು ಮುಂದಿನ ಬಿಲ್ಲೆಯನ್ನು, ಜಾತ್ರೆಯ ನೂಕುನುಗ್ಗಲಿನ ಹಾಗೆ, ಹಿಂದಿನ ಪುಲ್ಲಿಯವರೆಗೂ. ಬಳೆಗಳು ಸಾಲು ಚದುರದಂತೆ ನೋಡಿಕೊಳ್ಳುತ್ತವೆ. ಹಗ್ಗದಿಂದ ತಳ್ಳಲಾಗದು ಅಂತ ಸಣ್ಣ ಮಗುವಿಗೂ ಗೊತ್ತು. ಆದರೂ ಬೆಲ್ಟಿನಿಂದ ತಳ್ಳಬಹುದು ಅಂತ ಆ ವಯಸ್ಸಿನಲ್ಲಿ ಹೊಳೆಯಿತಲ್ಲ, ನನಗೆ ಇಡೀ ಕತೆಯಲ್ಲಿ ತುಂಬಾ ಹಿಡಿಸಿದ್ದು ಇದು.

ಈ ನಡುವೆ 1975ರಲ್ಲಿ ಡಾಫ್‌ನ ಕಾರು ವಿಭಾಗದ ಹಿಡಿತ ಸ್ವೀಡನ್ನಿನ ವೋಲ್ವೋ ಕೈಗೆ ಹೋಯಿತು. 1978ರಲ್ಲಿ ತಮ್ಮ ವಿಮ್ ತೀರಿಕೊಂಡರು. ಮರುವರ್ಷ, 1979ರ ಮೇ ತಿಂಗಳಲ್ಲಿ ಹಬ್ ಕೂಡ ಹೋದರು. ಉಕ್ಕಿನ ಬೆಲ್ಟು ಇನ್ನೂ ಯಾವ ಅಂಗಡಿಯ ಕಾರಿಗೂ ಏರಿರಲಿಲ್ಲ. ಎಂಟು ವರ್ಷ ಕಳೆದು, 1987ರಲ್ಲಿ, ಜಪಾನಿನ ಸುಬಾರು ಜಸ್ಟಿ, ಯುರೋಪಿನ ಫೋರ್ಡ್ ಫಿಯೆಸ್ಟಾ ಅದನ್ನು ಹೊತ್ತು ಬಂದವು. 1993ರಲ್ಲಿ ವಿಲಿಯಮ್ಸ್ ತಂಡ ಅದನ್ನು ಫಾರ್ಮುಲಾ ಒನ್ ಕಾರಿಗೆ ಹಾಕಿ ಪರೀಕ್ಷಿಸಿತು. ಒಂದು ರೇಸ್ ಕೂಡ ಓಡುವ ಮೊದಲೇ ನಿಯಮ ಬದಲಾಯಿಸಿ ಸಿವಿಟಿಯನ್ನು ನಿಷೇಧಿಸಿದರು. ಮುದುಕಿಯರ ಕಾರಿನ ಯಂತ್ರಕ್ಕೆ ರೇಸಿನವರು ಬಾಗಿಲು ಮುಚ್ಚಿದ್ದು ನನಗಂತೂ ಖುಷಿಯ ಸುದ್ದಿ. 1995ರಲ್ಲಿ ಟಿಲ್‌ಬರ್ಗ್ ಕಂಪನಿಯನ್ನು ಬಾಷ್ ಕೊಂಡಿತು. ಐಂಡ್‌ಹೋವನ್‌ನಲ್ಲಿ ಹಬ್ ಮೊದಲು ಕೆಲಸ ಶುರುಮಾಡಿದ ಜಾಗದಲ್ಲಿ ಈಗ ಡಾಫ್ ಮ್ಯೂಸಿಯಂ ಇದೆ.

ಎಲೆಕ್ಟ್ರಿಕ್ ಗಾಡಿ ಬಂದಮೇಲೆ ಇದನ್ನೆಲ್ಲ ಯಾಕೆ ಓದಬೇಕು ಅಂತ ನಮ್ಮ ಕ್ಲಾಸಿನಲ್ಲಿ ದಿನಾ ವಾದ ನಡೆಯುತ್ತದೆ. ಅರ್ಧ ಜನ ಆಗಲೇ ಕೋಡಿಂಗ್ ಕೋರ್ಸಿಗೆ ಸೇರಿದ್ದಾರೆ, ಅವರನ್ನು ತಪ್ಪು ಅನ್ನಲಾರೆ. ನಾನು ಮಾತ್ರ ಪ್ರಾಜೆಕ್ಟಿಗೆ ಸ್ಕೂಟರ್ ಬೆಲ್ಟನ್ನೇ ಆರಿಸಿಕೊಂಡಿದ್ದೇನೆ. ನಮ್ಮ ಭಾಗದ ಬಿಸಿಲು, ದೂಳಿನಲ್ಲಿ ಅದು ಎಷ್ಟು ಕಿಲೋಮೀಟರಿಗೆ ಎಷ್ಟು ಸವೆಯುತ್ತದೆ ಅಂತ ಅಳೆಯಬೇಕು. ಇಂಡಿಯ ಒಬ್ಬ ಮೆಕ್ಯಾನಿಕ್ ಕಾಕಾ ಹಳೇ ಬೆಲ್ಟು, ಚಪ್ಪಟೆಯಾದ ರೋಲರ್‌ಗಳನ್ನು ಒಂದು ಚೀಲದಲ್ಲಿ ತೆಗೆದಿಡುತ್ತಿದ್ದಾರೆ. ವರ್ನಿಯರ್ ಕ್ಯಾಲಿಪರ್ ಹಿಡಿದು ಭಾನುವಾರ ಅಲ್ಲಿಗೆ ಹೊರಟಿದ್ದೇನೆ.